ಹೊಲದಡಿ ಸಿಕ್ಕ ಹಡಗು: ಅರೇಬಿಯಾ ವಸ್ತುಸಂಗ್ರಹಾಲಯ

ಅಮೆರಿಕದ ಮಿಸ್ಸೂರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ‘ಅರೇಬಿಯಾ ಸ್ಟೀಮ್‌ಬೋಟ್ ಮ್ಯೂಸಿಯಂ’ ಇದೆ. 1856ರಲ್ಲಿ ಮಿಸ್ಸೂರಿ ನದಿಯಲ್ಲಿ ಮುಳುಗಿದ ಒಂದೇ ಉಗಿಹಡಗಿನ ಸರಕು ಇಲ್ಲಿನ ಸಂಗ್ರಹ. ರಾಜಮಹಾರಾಜರ ಒಡವೆಗಳಲ್ಲ, ಹೊಸದಾಗಿ ನೆಲೆಯೂರುತ್ತಿದ್ದ ಊರುಗಳ ಅಂಗಡಿಗಳಿಗೆ ಹೊರಟಿದ್ದ ಬೂಟು, ಪಿಂಗಾಣಿ, ಗುಂಡಿ, ಮೊಳೆ, ಉಪಕರಣಗಳು. ಜನಸಾಮಾನ್ಯರ ಅಂದಿನ ಬದುಕನ್ನು ಇಷ್ಟು ವಿವರವಾಗಿ ತೋರುವ ಸಂಗ್ರಹಗಳು ವಿರಳ.

ಹಡಗು ಮತ್ತು ಅವಘಡ

ಅರೇಬಿಯಾ ತಯಾರಾದದ್ದು 1853ರಲ್ಲಿ, ಪೆನ್ಸಿಲ್ವೇನಿಯಾದ ಬ್ರೌನ್ಸ್‌ವಿಲ್‌ನಲ್ಲಿ. ಉದ್ದ 171 ಅಡಿ. ಎರಡೂ ಪಕ್ಕದಲ್ಲಿ 28 ಅಡಿ ಎತ್ತರದ ಚಕ್ರಗಳಿದ್ದವು. ರೈಲು ಇನ್ನೂ ತಲುಪದಿದ್ದ ಪಶ್ಚಿಮದ ಊರುಗಳಿಗೆ ಇಂಥ ಹಡಗುಗಳೇ ಆಧಾರ.

ಮಿಸ್ಸೂರಿ ನದಿ ದಡಗಳನ್ನು ಕೊರೆದು ಮರಗಳನ್ನು ಬುಡಸಮೇತ ಕೆಡವುತ್ತಿತ್ತು. ನೀರಿನಡಿ ಹೂತ ಆ ಬೊಡ್ಡೆಗಳಿಗೆ ತಗುಲಿ ನೂರಾರು ಹಡಗುಗಳು ಮುಳುಗಿವೆ. 1856ರ ಸೆಪ್ಟೆಂಬರ್ 5ರ ಸಂಜೆ ವಾಲ್ನಟ್ ಮರದ ಬೊಡ್ಡೆಯೊಂದು ಅರೇಬಿಯಾದ ತಳವನ್ನು ಸೀಳಿತು. ಕೆಲವೇ ನಿಮಿಷಗಳಲ್ಲಿ ಹಡಗು ತಳ ಸೇರಿತು. ಪ್ರಯಾಣಿಕರೆಲ್ಲರೂ ಪಾರಾದರು, ಕಟ್ಟಿಹಾಕಿದ್ದ ಹೇಸರಗತ್ತೆಯೊಂದು ಮಾತ್ರ ಸತ್ತಿತು.

ಹೊಲದಲ್ಲಿ ಉತ್ಖನನ

ಕಾಲಕ್ರಮೇಣ ನದಿ ತನ್ನ ಪಾತ್ರ ಬದಲಿಸಿತು. ಹಡಗಿದ್ದ ಜಾಗ ದಡದಿಂದ ಸುಮಾರು ಅರ್ಧ ಮೈಲಿ ದೂರದ ಹೊಲವಾಯಿತು. ಬಾಬ್ ಹಾಲಿ, ಅವರ ಮಕ್ಕಳಾದ ಡೇವಿಡ್ ಮತ್ತು ಗ್ರೆಗ್ ಹಾಗೂ ಸಂಗಡಿಗರು ಹಳೆಯ ನಕಾಶೆಗಳನ್ನೂ ನೆಲದಡಿಯ ಕಬ್ಬಿಣವನ್ನು ಪತ್ತೆಹಚ್ಚುವ ಮ್ಯಾಗ್ನೆಟೋಮೀಟರನ್ನೂ ಬಳಸಿ 1987ರಲ್ಲಿ ಹಡಗಿನ ನೆಲೆ ಕಂಡುಕೊಂಡರು. ಅದು 45 ಅಡಿ ಆಳದಲ್ಲಿತ್ತು.

ಬೆಳೆ ಕಟಾವಾದ ಮೇಲೆ, 1988ರ ನವೆಂಬರ್‌ನಲ್ಲಿ ಅಗೆತ ಶುರುವಾಯಿತು. ಅಂತರ್ಜಲ ಉಕ್ಕಿ ಗುಂಡಿ ತುಂಬದಂತೆ ಸುತ್ತಲೂ ಬಾವಿ ಕೊರೆದು ಹಗಲಿರುಳೂ ಪಂಪು ಓಡಿಸಬೇಕಾಯಿತು. 1989ರ ಫೆಬ್ರುವರಿಯಲ್ಲಿ ಕೆಲಸ ಮುಗಿಯಿತು.

ಕೆಸರು ಕಾಪಾಡಿದ್ದು

ಕೆಸರಿನೊಳಗೆ ಗಾಳಿಯಾಗಲಿ ಬೆಳಕಾಗಲಿ ಹೋಗಲಿಲ್ಲ. ಹಾಗಾಗಿ ಮರ, ಚರ್ಮ, ಉಣ್ಣೆ, ರೇಷ್ಮೆ ಉಳಿದವು. ಹತ್ತಿ ಮಾತ್ರ ಕರಗಿಹೋಗಿತ್ತು. ಪಿಂಗಾಣಿ ಪಾತ್ರೆಗಳು ಮರದ ಪೆಟ್ಟಿಗೆಯಲ್ಲಿ, ಒಡೆಯದಿರಲೆಂದು ಅಂದು ಸುತ್ತಿದ್ದ ಹುಲ್ಲಿನ ಸಮೇತ ಸಿಕ್ಕವು. ಬಾಟಲಿಯೊಳಗಿನ ಉಪ್ಪಿನಕಾಯಿಯನ್ನು ಅಗೆದವರಲ್ಲೊಬ್ಬರು ತಿಂದೇ ನೋಡಿದರು, ಕೆಟ್ಟಿರಲಿಲ್ಲ.

ಸಂರಕ್ಷಣೆಯ ಕೆಲಸ

ಹೊರತೆಗೆದ ಮೇಲೆಯೇ ನಿಜವಾದ ಕಷ್ಟ ಆರಂಭ. ನೀರು ಕುಡಿದ ಮರವನ್ನು ಹಾಗೇ ಒಣಗಲು ಬಿಟ್ಟರೆ ಸುಕ್ಕುಗಟ್ಟಿ ಬಿರುಕು ಬಿಡುತ್ತದೆ. ಅದಕ್ಕಾಗಿ ಪಾಲಿಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ನೆನೆಹಾಕುತ್ತಾರೆ. ಮರದೊಳಗಿನ ನೀರಿನ ಜಾಗವನ್ನು ಅದು ನಿಧಾನವಾಗಿ ತುಂಬಿಕೊಳ್ಳುತ್ತದೆ. ಹತ್ತಿಯ ನೂಲು ಕರಗಿ ಬಿಡಿ ತುಂಡುಗಳಾಗಿದ್ದ ಬೂಟುಗಳನ್ನು ಜೋಡಿಸಿ ಮತ್ತೆ ಹೊಲಿಯಬೇಕಾಗುತ್ತದೆ. ವಸ್ತುಗಳನ್ನು ಶುಚಿಮಾಡುವ ಪ್ರಯೋಗಾಲಯವನ್ನು ಸಂದರ್ಶಕರೂ ನೋಡಬಹುದು.

ಸಂಗ್ರಹದ ಮಹತ್ವ

ಮ್ಯೂಸಿಯಂ ತೆರೆದದ್ದು 1991ರ ನವೆಂಬರ್‌ನಲ್ಲಿ. ಹಡಗಿನ ಹಿಂಭಾಗದ ಒಂದು ತುಂಡು, ಬಾಯ್ಲರ್‌ಗಳು, ಆ ಹೇಸರಗತ್ತೆಯ ಮೂಳೆಗಳೂ ಅಲ್ಲಿವೆ. ಸಿಕ್ಕಿದ್ದನ್ನು ಮಾರಿ ಖರ್ಚು ಹುಟ್ಟಿಸಿಕೊಳ್ಳುವುದು ಶೋಧಕರ ಮೊದಲ ಯೋಚನೆಯಾಗಿತ್ತು. ಸಂಗ್ರಹದ ವೈಶಿಷ್ಟ್ಯ ಅರಿವಾದ ಮೇಲೆ ಅದನ್ನು ಕೈಬಿಟ್ಟರು. ಬಿಡಿಯಾಗಿ ಮಾರಿದ್ದರೆ ಇವು ಹಳೆಯ ಸಾಮಾನುಗಳಾಗಿ ಮನೆ ಮನೆ ಸೇರುತ್ತಿದ್ದವು. ಒಟ್ಟಿಗೆ ಉಳಿದದ್ದರಿಂದಲೇ ಇಂದು ಅವು ಇತಿಹಾಸ.