ಚಿತ್ರವೆಂಬ ವ್ಯಾಖ್ಯಾನ: ಉದಯೋನ್ಮುಖ ವಿಜ್ಞಾನಕಥಾಕಾರರ ಹಾಗೂ ಚಿತ್ರಕಾರರ ಸ್ಪರ್ಧೆಯ ನಿಯಮಗಳನ್ನು ಕುರಿತು

ಎಲ್. ರಾನ್ ಹಬರ್ಡ್ ಅವರು 1983ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ‘ರೈಟರ್ಸ್ ಆಫ್ ದಿ ಫ್ಯೂಚರ್’ ಎಂಬ ಕಥಾಸ್ಪರ್ಧೆಗೆ, ಐದು ವರ್ಷಗಳ ತರುವಾಯ, ಅಂದರೆ ಸಂಸ್ಥಾಪಕರು ತೀರಿಕೊಂಡು ಎರಡು ವರ್ಷ ಕಳೆದ ಮೇಲೆ, ‘ಇಲಸ್ಟ್ರೇಟರ್ಸ್ ಆಫ್ ದಿ ಫ್ಯೂಚರ್’ ಎಂಬ ಚಿತ್ರಕಾರರ ಸ್ಪರ್ಧೆಯೊಂದು ಬಂದು ಸೇರಿತು. ಈ ಎರಡನೆಯ ಸ್ಪರ್ಧೆಯನ್ನು ಮೊದಲನೆಯದರ ಅನುಬಂಧವೆಂದು ಎಣಿಸಿ, ಕಥಾಸಂಕಲನಕ್ಕೆ ಚಿತ್ರಗಳು ಬೇಕಾದುದರಿಂದ ಚಿತ್ರಕಾರರನ್ನೂ ಕರೆದರೆಂಬಷ್ಟರಲ್ಲಿಯೇ ಅದರ ವಿಚಾರವನ್ನು ಮುಗಿಸುವುದು ವಾಡಿಕೆಯಾಗಿದೆ. ಕಾಲಕ್ರಮವನ್ನು ಮಾತ್ರ ನೋಡುವುದಾದರೆ ಈ ಅಭಿಪ್ರಾಯದಲ್ಲಿ ದೋಷವಿಲ್ಲ. ಆದರೆ ಎರಡು ಸ್ಪರ್ಧೆಗಳ ನಿಯಮಾವಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ, ಹೊಸಬನೊಬ್ಬನು ವೃತ್ತಿಗೆ ಯೋಗ್ಯನೇ ಎಂಬ ಪ್ರಶ್ನೆಯನ್ನು ಹೆಚ್ಚು ಸ್ಪಷ್ಟವಾಗಿ ಕೇಳಿದುದು ತರುವಾಯ ಬಂದ ಸ್ಪರ್ಧೆಯೇ ಹೊರತು ಮೊದಲು ಬಂದುದಲ್ಲವೆಂಬುದು ಈ ಲೇಖಕನ ಮತ. ಪ್ರಸ್ತುತ ಲೇಖನವು ಅದನ್ನು ಸಮರ್ಥಿಸುವ ಪ್ರಯತ್ನ.

ನಿರ್ವಿವಾದವಾದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಸ್ಪರ್ಧೆಗೆ ಪ್ರವೇಶಶುಲ್ಕವಿಲ್ಲ, ವರ್ಷಕ್ಕೆ ನಾಲ್ಕು ಸಲ ತೀರ್ಪು ನಡೆಯುತ್ತದೆ, ಕರ್ತೃವಿನ ಹೆಸರು ತೀರ್ಪುಗಾರರಿಗೆ ತಿಳಿಯದು. ವೃತ್ತಿಪತ್ರಿಕೆಗಳಲ್ಲಿ ನಿಗದಿಯಾದ ಮಿತಿಗಿಂತ ಹೆಚ್ಚು ಪ್ರಕಟಿಸಿದವರಿಗೆ ಅಲ್ಲಿ ಸ್ಥಾನವಿಲ್ಲವಾದುದರಿಂದ, ‘ಹೊಸಬ’ ಎಂಬುದರ ಲಕ್ಷಣವು ಅಲ್ಲಿ ನಿಷೇಧಮುಖವಾಗಿಯೇ ನಿರ್ಣೀತವಾಗಿದೆ. ಮೊದಲ ಸಂಕಲನವು 1985ರಲ್ಲಿ ಆಲ್ಜಿಸ್ ಬಡ್ರಿಸ್ ಅವರ ಸಂಪಾದಕತ್ವದಲ್ಲಿ ಹೊರಬಂದಿತು. ರಾಬರ್ಟ್ ಸಿಲ್ವರ್‌ಬರ್ಗ್, ಥಿಯೋಡರ್ ಸ್ಟರ್ಜನ್, ಜಾಕ್ ವಿಲಿಯಮ್‌ಸನ್ ಮೊದಲಾದ ಪ್ರತಿಷ್ಠಿತರು ಆರಂಭದ ತೀರ್ಪುಗಾರರಲ್ಲಿದ್ದರು. ಕ್ಯಾರೆನ್ ಜಾಯ್ ಫೌಲರ್, ಸ್ಟೀಫನ್ ಬ್ಯಾಕ್ಸ್‌ಟರ್, ಪ್ಯಾಟ್ರಿಕ್ ರಾತ್‌ಫಸ್, ಕೆನ್ ಲಿಯು ಮುಂತಾದವರ ಆರಂಭದ ಬರಹಗಳು ಈ ಸಂಕಲನಗಳಲ್ಲಿವೆ. ಈ ನಾಮಾವಳಿಯನ್ನು ಮುಂದಿಟ್ಟು ಸ್ಪರ್ಧೆಯು ಲೇಖಕರನ್ನು ನಿರ್ಮಿಸುತ್ತದೆಂದು ಹೇಳುವುದುಂಟು. ಬಹುಮಾನ ಪಡೆದೂ ಮುಂದೆ ಬರೆಯದೆ ಹೋದವರ ನಾಮಾವಳಿಯನ್ನು ಯಾರೂ ಪಕ್ಕದಲ್ಲಿಡುವುದಿಲ್ಲವಾದ ಕಾರಣ ಅಂಥ ವಾದವನ್ನು ನಾನು ಅಂಗೀಕರಿಸಲಾರೆ. ಹಬರ್ಡ್ ಅವರು ಸೈಂಟಾಲಜಿ ಪಂಥದ ಪ್ರವರ್ತಕರಾದುದರಿಂದ ಸ್ಪರ್ಧೆಗೂ ಆ ಪಂಥಕ್ಕೂ ಇರುವ ಸಂಬಂಧವನ್ನು ಕುರಿತು ಆಕ್ಷೇಪಣೆಗಳು ಮೊದಲಿನಿಂದಲೂ ಕೇಳಿಬಂದಿವೆ. ಅವು ಲಘುವಾದವಲ್ಲ, ಆದರೆ ಇಲ್ಲಿಯ ವಿಷಯವು ನಿಯಮಗಳ ರಚನೆಯಾದುದರಿಂದ ಅವುಗಳನ್ನು ಇಷ್ಟಕ್ಕೆ ಬಿಡುತ್ತೇನೆ.

ಈಗ ವಿವಾದದ ವಿಷಯಕ್ಕೆ ಬರೋಣ. ಕಥಾಸ್ಪರ್ಧೆಯಲ್ಲಿ ಪ್ರತಿ ತ್ರೈಮಾಸಿಕದಲ್ಲಿಯೂ ಮೂವರಿಗೆ ಬಹುಮಾನವುಂಟು. ಅದು ಕ್ರಮವಾಗಿ 1000, 750 ಮತ್ತು 500 ಡಾಲರುಗಳು. ವರ್ಷದ ಕೊನೆಯಲ್ಲಿ ನಾಲ್ಕು ತ್ರೈಮಾಸಿಕಗಳ ಪ್ರಥಮ ಕಥೆಗಳನ್ನು ಪರಸ್ಪರ ತೂಗಿ ಒಂದಕ್ಕೆ 5000 ಡಾಲರುಗಳ ಮಹಾಬಹುಮಾನವನ್ನು ಕೊಡುತ್ತಾರೆ. ಚಿತ್ರಸ್ಪರ್ಧೆಯಲ್ಲಿಯೂ ತ್ರೈಮಾಸಿಕಕ್ಕೆ ಮೂವರೇ ವಿಜೇತರು. ಆದರೆ ಅವರಲ್ಲಿ ಪ್ರಥಮ ದ್ವಿತೀಯಗಳೆಂಬ ತಾರತಮ್ಯವಿಲ್ಲ, ಮೂವರಿಗೂ ಸಮಾನವಾಗಿ 500 ಡಾಲರು. ಅವರು ಕಳುಹಿಸಿದ ಮೂರು ಮೂರು ಚಿತ್ರಗಳು ಅವರವರ ಇಚ್ಛೆಯಂತೆ ಬರೆದವು. ತರುವಾಯ ಅವರಲ್ಲಿ ಒಬ್ಬೊಬ್ಬರಿಗೂ ಕಥಾಸ್ಪರ್ಧೆಯಲ್ಲಿ ಗೆದ್ದ ಒಂದೊಂದು ಕಥೆಯನ್ನು ಒಪ್ಪಿಸಿ ಅದಕ್ಕೆ ಚಿತ್ರ ಬರೆಯಹೇಳುತ್ತಾರೆ. ವಾರ್ಷಿಕ ಮಹಾಬಹುಮಾನದ ನಿರ್ಣಯವು ಈ ಹೊಸ ಚಿತ್ರದ ಮೇಲೆ ನಡೆಯುತ್ತದೆಯೇ ಹೊರತು ಮೊದಲು ಕಳುಹಿಸಿದ ಚಿತ್ರಗಳ ಮೇಲಲ್ಲ.

ಈ ವ್ಯತ್ಯಾಸವು ಮೇಲ್ನೋಟಕ್ಕೆ ವ್ಯವಸ್ಥೆಯ ಅನುಕೂಲಕ್ಕಾಗಿ ಹುಟ್ಟಿದುದೆಂದು ತೋರಬಹುದು. ಹನ್ನೆರಡು ಕಥೆಗಳಿಗೆ ಹನ್ನೆರಡು ಚಿತ್ರಗಳು ಬೇಕು, ಹನ್ನೆರಡು ಮಂದಿ ಚಿತ್ರಕಾರರು ಸಿಕ್ಕಿದ್ದಾರೆ, ಲೆಕ್ಕ ಸರಿಹೋಯಿತು. ಆದರೆ ಅನುಕೂಲವೊಂದೇ ಉದ್ದೇಶವಾಗಿದ್ದ ಪಕ್ಷದಲ್ಲಿ ಮೊದಲ ಸುತ್ತಿನಲ್ಲಿಯೇ ತಾರತಮ್ಯವನ್ನು ನಿರ್ಣಯಿಸಿ, ಕಥೆಗಳ ಚಿತ್ರಗಳನ್ನು ಬಹುಮಾನಕ್ಕೆ ಹೊರಗಾದ ಕೆಲಸವನ್ನಾಗಿ ಮಾಡಿಸಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಹಾಗೆ ಮಾಡದೆ, ಸ್ವಚ್ಛಂದವಾಗಿ ಬರೆದ ಚಿತ್ರಗಳನ್ನು ಅರ್ಹತೆಗೆ ಮಾತ್ರ ಪ್ರಮಾಣವೆಂದಿಟ್ಟುಕೊಂಡು, ಪರಕೀಯವಾದ ಕಥೆಯೊಂದಕ್ಕೆ ಅಧೀನನಾಗಿ ಬರೆದ ಚಿತ್ರವನ್ನೇ ಶ್ರೇಷ್ಠತೆಗೆ ಪ್ರಮಾಣವಾಗಿಸಿರುವುದರಲ್ಲಿ ಒಂದು ಸಿದ್ಧಾಂತವು, ಅದನ್ನು ರೂಪಿಸಿದವರಿಗೆ ತಿಳಿದೋ ತಿಳಿಯದೆಯೋ, ಅಡಗಿದೆ. ಚಿತ್ರಕಾರರ ಮಹಾಬಹುಮಾನವು ಮೂಲತಃ ಓದಿಗೆ ಸಲ್ಲುವ ಬಹುಮಾನವೆಂಬುದೇ ಆ ಸಿದ್ಧಾಂತ.

ಇದು ಸಾಹಸದ ಮಾತೆಂಬುದನ್ನು ಬಲ್ಲೆನಾದುದರಿಂದ ಅದರ ಮೇರೆಗಳನ್ನು ಮೊದಲೇ ಗುರುತಿಸುವುದು ಉಚಿತ. ತೀರ್ಪುಗಾರರು ರೇಖೆ, ಬಣ್ಣ, ವಿನ್ಯಾಸಗಳನ್ನು ಗಣಿಸುವುದಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಅವರು ನುರಿತ ಚಿತ್ರಕಾರರು, ಅವನ್ನು ಗಣಿಸದೆ ಇರಲಾರರು. ಸ್ಪರ್ಧೆಯ ಮೊದಲ ವರ್ಷಗಳಲ್ಲಿ ಚಿತ್ರವಿಭಾಗದ ಹೊಣೆ ಹೊತ್ತಿದ್ದ ಫ್ರ್ಯಾಂಕ್ ಕೆಲ್ಲಿ ಫ್ರೀಸ್ ಅವರು ದಶಕಗಳ ಕಾಲ ಪತ್ರಿಕೆಗಳಿಗೆ ಕಥಾಚಿತ್ರಗಳನ್ನು ಬರೆದವರು. ಎಲ್ಲ ಕಥೆಗಳೂ ಚಿತ್ರಕ್ಕೆ ಸಮಾನವಾಗಿ ಒದಗುವುದಿಲ್ಲವೆಂಬುದೂ ನಿಜ. ಮಂಗಳಗ್ರಹದ ಬಿರುಗಾಳಿಯ ಕಥೆ ಸಿಕ್ಕಿದವನ ಭಾಗ್ಯವು, ಕೋಣೆಯೊಳಗೆ ಇಬ್ಬರು ಕುಳಿತು ವಾದಿಸುವ ಕಥೆ ಸಿಕ್ಕಿದವನಿಗೆ ಇಲ್ಲ. ಇದಲ್ಲದೆ ಚಿತ್ರಕಾರರು ಪ್ರಾಥಮಿಕ ನಕ್ಷೆಗಳನ್ನು ತೋರಿಸಿ ಕಲಾನಿರ್ದೇಶಕರ ಸಲಹೆ ಪಡೆಯುವ ಪದ್ಧತಿಯಿರುವಲ್ಲಿ, ಅಂತಿಮ ಚಿತ್ರದಲ್ಲಿ ಯಾರ ಓದು ಎಷ್ಟಿದೆಯೆಂದು ಬೇರ್ಪಡಿಸುವುದು ಕಷ್ಟ. ಈ ಮೂರನ್ನೂ ಒಪ್ಪಿಕೊಂಡ ಮೇಲೆಯೂ ಉಳಿಯುವ ಮಾತೊಂದಿದೆ: ಮೊದಲ ಸುತ್ತಿನಲ್ಲಿ ಇಲ್ಲದಿದ್ದು ಎರಡನೆಯ ಸುತ್ತಿನಲ್ಲಿ ಹೊಸದಾಗಿ ಸೇರಿದ ಅಂಶ ಕಥೆಯೊಂದೇ. ಕೈಚಳಕವು ಮೊದಲ ಸುತ್ತಿನಲ್ಲಿಯೇ ಪರೀಕ್ಷಿತವಾಗಿತ್ತು.

ಇಲ್ಲಿ ನಮ್ಮ ವ್ಯಾಖ್ಯಾನಪರಂಪರೆಯನ್ನು ನೆನೆಯುವುದು ಅಪ್ರಸ್ತುತವಾಗದು. ಮೂಲದಲ್ಲಿಲ್ಲದುದನ್ನು ಬರೆಯುವುದಿಲ್ಲ, ಅಪೇಕ್ಷಿತವಲ್ಲದುದನ್ನು ಹೇಳುವುದಿಲ್ಲ ಎಂದು ಮಲ್ಲಿನಾಥಸೂರಿಯು ತೊಟ್ಟ ಪ್ರತಿಜ್ಞೆಯು ಪ್ರಸಿದ್ಧವಾಗಿದೆ. ಕಥಾಚಿತ್ರಕಾರನು ಈ ಪ್ರತಿಜ್ಞೆಯನ್ನು ತೊಡಲಾರನು. ನಾಯಕಿ ಬಾಗಿಲು ತೆರೆದಳೆಂದು ಕಥೆ ಹೇಳಿ ಸುಮ್ಮನಾಗಬಹುದು. ಆ ಬಾಗಿಲು ಎಷ್ಟು ಎತ್ತರ, ಬೆಳಕು ಯಾವ ಕಡೆಯಿಂದ ಬಿತ್ತು, ಅವಳು ಉಟ್ಟುದೇನು ಎಂಬುದನ್ನು ಚಿತ್ರವು ಹೇಳಲೇಬೇಕು. ಕಥೆಯ ಮೌನಗಳನ್ನು ಕಥೆಗೆ ವಿರೋಧವಾಗದಂತೆ ತುಂಬುವುದು ವಿಜ್ಞಾನಕಥೆಯಲ್ಲಂತೂ ದುಷ್ಕರ. ಏಕೆಂದರೆ ಅಲ್ಲಿಯ ಬಾಗಿಲಿಗೆ ಲೋಕದಲ್ಲಿ ಮಾದರಿಯಿರದು. ಕೇವಲ ಕುಶಲನಾದವನು ಎಡವುವುದು ಇಲ್ಲಿಯೇ.

ನನ್ನ ವಾದಕ್ಕೆ ಎದುರಾಗಿ ನಿಲ್ಲಬಹುದಾದ ಅತ್ಯಂತ ಬಲವಾದ ಆಕ್ಷೇಪಣೆಯೆಂದರೆ ಲೇಖಕರಿಗೂ ಇಂಥದೇ ಒಂದು ಕೆಲಸವನ್ನು ಒಪ್ಪಿಸುವುದುಂಟೆಂಬುದು. ವಿಜೇತ ಲೇಖಕರಿಗಾಗಿ ನಡೆಯುವ ಕಾರ್ಯಾಗಾರದಲ್ಲಿ ಒಬ್ಬೊಬ್ಬರ ಕೈಗೂ ಒಂದು ವಸ್ತುವನ್ನು ಕೊಟ್ಟು, ಅಪರಿಚಿತನೊಬ್ಬನೊಡನೆ ಮಾತನಾಡಿಬರಲು ಹೇಳಿ, ಗ್ರಂಥಾಲಯಕ್ಕೆ ಅಟ್ಟಿ, 24 ಗಂಟೆಗಳೊಳಗೆ ಪೂರ್ಣಕಥೆಯೊಂದನ್ನು ಬರೆಯಿಸುತ್ತಾರೆ. ಹೊರಗಿನಿಂದ ಬಂದ ವಸ್ತುವಿಗೆ ಅಧೀನವಾಗಿ ಬರೆಯುವ ಶಕ್ತಿಯ ಪರೀಕ್ಷೆಯೇ ಇದೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಕಥೆಯನ್ನು ಬಹುಮಾನದ ತಕ್ಕಡಿಗೆ ಹಾಕುವುದಿಲ್ಲ. ಲೇಖಕನು ಅಲ್ಲಿಗೆ ಬರುವಷ್ಟರಲ್ಲಿ ಅವನ ತ್ರೈಮಾಸಿಕದ ಸ್ಥಾನವು ನಿಶ್ಚಿತವಾಗಿರುತ್ತದೆ, ಮಹಾಬಹುಮಾನಕ್ಕೆ ತೂಗುವುದೂ ಹಿಂದೆಯೇ ಗೆದ್ದ ಕಥೆಯನ್ನು. ಲೇಖಕನಿಗೆ ಶಿಕ್ಷಣವಾಗಿರುವುದು ಚಿತ್ರಕಾರನಿಗೆ ಪರೀಕ್ಷೆಯಾಗಿದೆ. ಆದುದರಿಂದ ಆಕ್ಷೇಪಣೆಯು ವಾದವನ್ನು ಕೆಡಿಸುವುದರ ಬದಲು ಅದಕ್ಕೆ ಪುಷ್ಟಿಯನ್ನೇ ಕೊಡುತ್ತದೆಂದು ನನಗೆ ತೋರುತ್ತದೆ.

ಕಥೆಗೂ ಚಿತ್ರಕ್ಕೂ ಗಂಟುಹಾಕಿದ ಸ್ಪರ್ಧೆಗಳು ಈ ಪ್ರಕಾರದಲ್ಲಿ ಹೊಸವಲ್ಲ. ಹ್ಯೂಗೋ ಗರ್ನ್ಸ್‌ಬ್ಯಾಕ್ ಅವರು ತಮ್ಮ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯ 1926ರ ಡಿಸೆಂಬರ್ ಸಂಚಿಕೆಯ ಹೊದಿಕೆಗೆ ಫ್ರ್ಯಾಂಕ್ ಆರ್. ಪಾಲ್ ಅವರಿಂದ ವಿಚಿತ್ರವಾದ ಚಿತ್ರವೊಂದನ್ನು ಬರೆಯಿಸಿ, ಅದಕ್ಕೆ ಹೊಂದುವ ಕಥೆಯನ್ನು ಬರೆಯಿರೆಂದು ಓದುಗರನ್ನು ಆಹ್ವಾನಿಸಿ, ಒಟ್ಟು 500 ಡಾಲರುಗಳ ಬಹುಮಾನವನ್ನು ಸಾರಿದರು. ಪ್ರಥಮ ಬಹುಮಾನವು ಸಿರಿಲ್ ಜಿ. ವೇಟ್ಸ್ ಅವರಿಗೆ, ತೃತೀಯವು ಕ್ಲೇರ್ ವಿಂಗರ್ ಹ್ಯಾರಿಸ್ ಅವರಿಗೆ ಸಂದಿತು. ಹ್ಯಾರಿಸ್ ಅವರ ಕಥೆ 1927ರ ಜೂನ್ ಸಂಚಿಕೆಯಲ್ಲಿ ಅಚ್ಚಾದಾಗ, ಬಹುಮಾನಿತರಲ್ಲಿ ಮಹಿಳೆಯೊಬ್ಬರಿರುವುದು ಸಂಪಾದಕರಿಗೆ ಅಚ್ಚರಿಯಾಗಿತ್ತು. (ಆ ಅಚ್ಚರಿಯನ್ನು ಅವರು ಮುಚ್ಚಿಡದೆ ಅಚ್ಚುಹಾಕಿಸಿದುದು ಆ ಕಾಲದ ಸ್ಥಿತಿಗೆ ಸಾಕ್ಷಿ.) ಅಲ್ಲಿ ಚಿತ್ರವು ಮೂಲ, ಕಥೆಯು ವ್ಯಾಖ್ಯಾನ, 1988ರ ಸ್ಪರ್ಧೆಯಲ್ಲಿ ಈ ಸಂಬಂಧವು ತಲೆಕೆಳಗಾಗಿದೆ. ಹಾಗೆಂದು ಎರಡನೆಯದು ಮೊದಲನೆಯದರಿಂದ ಹುಟ್ಟಿತೆಂದು ಹೇಳಲು ಲಿಖಿತಾಧಾರ ನನಗೆ ದೊರೆತಿಲ್ಲ, ಹೇಳುವುದೂ ಇಲ್ಲ. ಗರ್ನ್ಸ್‌ಬ್ಯಾಕರ ಸ್ಪರ್ಧೆ ಹೊಸಬರಿಗೆ ಮೀಸಲಾಗಿರಲಿಲ್ಲ. ಹ್ಯಾರಿಸ್ ಅವರ ಕಥೆಯೊಂದು ಆ ಮೊದಲೇ ‘ವೀಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಸಾಮ್ಯವಿರುವುದು ವಂಶದಲ್ಲಲ್ಲ, ರೂಪದಲ್ಲಿ: ಎರಡೂ ಕಡೆ ಹೊರಗಿನಿಂದ ಕೊಟ್ಟ ಕಲ್ಪನೆಯೊಂದಕ್ಕೆ ಉತ್ತರ ಕೊಡಬಲ್ಲವನೇ ಗೆದ್ದವನು. ವಾರದ ಗಡುವಿಗೆ ಕಥೆ ಓದಿ ಚಿತ್ರ ಬರೆದುಕೊಡುವ ಪತ್ರಿಕಾಕಚೇರಿಯ ಚಿತ್ರಕಾರನ ನಿತ್ಯವೃತ್ತಿ ಇದೇ ಅಲ್ಲವೆ? ದೀಪಾವಳಿ ವಿಶೇಷಾಂಕಗಳ ಕಥೆಗಳನ್ನು ಚಿತ್ರಸಮೇತ ಓದಿ ಬೆಳೆದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಜ್ಞಾತಕರ್ತೃತ್ವದ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ನಮ್ಮ ನೆರೆಯ ಮಹಾರಾಷ್ಟ್ರದ ದೃಷ್ಟಾಂತವೊಂದು ಇಲ್ಲಿ ಬೆಳಕು ಬೀರುತ್ತದೆ. ಮರಾಠಿ ವಿಜ್ಞಾನ ಪರಿಷತ್ತು 1974ರಲ್ಲಿ ನಡೆಸಿದ ವಿಜ್ಞಾನಕಥಾಸ್ಪರ್ಧೆಗೆ, ಆಗಲೇ ಖಗೋಳವಿಜ್ಞಾನಿಯೆಂದು ಲೋಕಖ್ಯಾತರಾಗಿದ್ದ ಜಯಂತ ವಿಷ್ಣು ನಾರಳೀಕರರು, ತಮ್ಮ ಹೆಸರಿನ ಆದ್ಯಕ್ಷರಗಳನ್ನು ಹಿಂದುಮುಂದು ಮಾಡಿ ‘ನಾರಾಯಣ ವಿನಾಯಕ ಜಗತಾಪ’ ಎಂಬ ಹೆಸರಿನಲ್ಲಿ ಕಥೆ ಕಳುಹಿಸಿ ಪ್ರಥಮ ಬಹುಮಾನ ಪಡೆದರು. ತಮ್ಮ ಅಕ್ಷರದ ಗುರುತು ಹತ್ತೀತೆಂದು ಪತ್ನಿಯವರ ಕೈಯಲ್ಲಿ ಅದನ್ನು ನಕಲು ಮಾಡಿಸಿದ್ದರೆಂಬುದು ಇಲ್ಲಿ ಗಮನಾರ್ಹ. ಕಥೆಯನ್ನು ಬೇರೊಬ್ಬರು ಬರೆದುಕೊಟ್ಟರೂ ಕಥೆ ಕಥೆಯಾಗಿಯೇ ಉಳಿಯುತ್ತದೆ. ಚಿತ್ರಕಾರನಿಗೆ ಈ ಮರೆ ಲಭ್ಯವಲ್ಲ. ಅವನ ಕೃತಿಯೇ ಅವನ ಹಸ್ತಾಕ್ಷರ. ಹೆಸರನ್ನು ಅಳಿಸಿದರೂ ಶೈಲಿಯು ಅಳಿಯದು, ಮತ್ತು ಸ್ವಚ್ಛಂದವಾಗಿ ಬರೆದ ಮೂರು ಚಿತ್ರಗಳಲ್ಲಿ ಅವನಿಗೆ ಚೆನ್ನಾಗಿ ಬರುವುದೇ ಮೂರು ಸಲ ಬಂದಿರುವ ಸಂಭವವುಂಟು. ಒಪ್ಪಿಸಿದ ಕಥೆಯು ಆ ಅಭ್ಯಾಸದಿಂದ ಅವನನ್ನು ಹೊರಕ್ಕೆಳೆಯುತ್ತದೆ. ಎರಡನೆಯ ಸುತ್ತಿನ ಅವಶ್ಯಕತೆಗೆ ಇದೂ ಒಂದು ಕಾರಣವಾಗಿರಬಹುದೆಂಬ ಊಹೆಯನ್ನು ಊಹೆಯಾಗಿಯೇ ಮುಂದಿಡುತ್ತೇನೆ.

ಶಾನ್ ಟ್ಯಾನ್ ಅವರ ನಿದರ್ಶನವನ್ನು ಯಾರಾದರೂ ನನ್ನ ಪರವಾಗಿ ಉದಾಹರಿಸಬಹುದು. 1992ರಲ್ಲಿ ಈ ಚಿತ್ರಸ್ಪರ್ಧೆಯಲ್ಲಿ ಗೆದ್ದ ಈ ಆಸ್ಟ್ರೇಲಿಯದವರು, ಮುಂದೆ ಜಾನ್ ಮಾರ್ಸ್‌ಡನ್ ಅವರ ‘ದಿ ರ‍್ಯಾಬಿಟ್ಸ್’ (1998) ಮೊದಲಾದ ಪರರ ಗ್ರಂಥಗಳಿಗೆ ಚಿತ್ರ ಬರೆದು, ಕೊನೆಗೆ ‘ದಿ ಅರೈವಲ್’ (2006) ಎಂಬ, ಮಾತಿಲ್ಲದೆ ಚಿತ್ರಗಳಲ್ಲಿಯೇ ನಡೆಯುವ ಕಥನವನ್ನು ರಚಿಸಿ, 2011ರಲ್ಲಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪುರಸ್ಕಾರವನ್ನು ಪಡೆದರು. ಪರರ ಕಥೆಯ ಓದಿನಿಂದ ಸ್ವಂತ ಕಥನಕ್ಕೆ ನಡೆದ ಈ ಹಾದಿ ಮನೋಹರವಾಗಿದೆ. ಆದರೆ ಅವರು ಸ್ಪರ್ಧೆಗೆ ಮೊದಲೇ, ಹದಿಹರೆಯದಲ್ಲಿಯೇ, ಆಸ್ಟ್ರೇಲಿಯದ ಸಣ್ಣ ಪತ್ರಿಕೆಗಳ ವಿಜ್ಞಾನಕಥೆಗಳಿಗೆ ಚಿತ್ರ ಬರೆಯುತ್ತಿದ್ದವರಾದುದರಿಂದ, ಈ ವಿದ್ಯೆಯನ್ನು ಸ್ಪರ್ಧೆಯು ಕಲಿಸಿತೆನ್ನಲಾಗದು, ಇದ್ದುದನ್ನು ಗುರುತಿಸಿತೆನ್ನಬಹುದು. ನಾಮಾವಳಿಯ ವಾದವನ್ನು ಲೇಖಕರ ವಿಷಯದಲ್ಲಿ ತಿರಸ್ಕರಿಸಿ ಚಿತ್ರಕಾರರ ವಿಷಯದಲ್ಲಿ ಸ್ವೀಕರಿಸುವುದು ನ್ಯಾಯವಾಗದು.

ಈಚಿನ ವರ್ಷಗಳಲ್ಲಿ ರೂಢಿಯಾಗಿರುವ ಪದ್ಧತಿಯೊಂದನ್ನು ಹೇಳದೆ ಬಿಡುವಂತಿಲ್ಲ. ಕಾರ್ಯಾಗಾರಕ್ಕೆ ಬಂದ ಲೇಖಕರನ್ನು, ಆ ವರ್ಷದ ಚಿತ್ರಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ ಕೋಣೆಯೊಳಕ್ಕೆ ಬಿಟ್ಟು, ತಂತಮ್ಮ ಕಥೆಯ ಚಿತ್ರ ಯಾವುದೆಂದು ಕಂಡುಹಿಡಿಯಹೇಳುತ್ತಾರೆ. ಲೇಖಕನು ತಡವರಿಸದೆ ತನ್ನ ಕಥೆಯ ಚಿತ್ರದ ಮುಂದೆ ಹೋಗಿ ನಿಂತರೆ ಚಿತ್ರಕಾರನ ಓದಿಗೆ ಅದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇರಿಲ್ಲ. ಆದರೆ ಈ ಸಾಕ್ಷ್ಯವನ್ನು ತೀರ್ಪುಗಾರರು ಕೇಳುವುದಿಲ್ಲ. ಮಹಾಬಹುಮಾನದ ನಿರ್ಣಯದಲ್ಲಿ ಲೇಖಕನಿಗೆ ಮತವಿಲ್ಲ. ಓದಿಗೆ ಸಲ್ಲುವ ಬಹುಮಾನವೆಂದು ನಾನು ಹೇಳಿದುದು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು, ಬಹುಮಾನಿತ ಚಿತ್ರಗಳನ್ನೂ ಬಹುಮಾನ ತಪ್ಪಿದ ಚಿತ್ರಗಳನ್ನೂ ಅವುಗಳ ಕಥೆಗಳೊಡನೆ ಒಂದೊಂದಾಗಿ ಹೋಲಿಸಿ ನೋಡಿದಲ್ಲದೆ ತೀರ್ಮಾನವಾಗದು. ಪ್ರಾಥಮಿಕ ನಕ್ಷೆಗಳೂ ಕಲಾನಿರ್ದೇಶಕರ ಟಿಪ್ಪಣಿಗಳೂ ಒಂದೆಡೆ ದೊರೆತಲ್ಲಿ, ಆ ಓದಿನಲ್ಲಿ ಹೊಸಬನ ಪಾಲೆಷ್ಟು, ಹಿರಿಯರ ಪಾಲೆಷ್ಟು ಎಂಬ ಪ್ರಶ್ನೆಯನ್ನೂ ಕೈಗೆತ್ತಿಕೊಳ್ಳಬಹುದು.