ಟೂಲ್ ವಿವರಣೆ: ಥೀಮ್ ಬದಲಿಸುವ ಎಐ ಏಜೆಂಟ್‌ಗಳಲ್ಲಿ

ಜಾಲತಾಣದ ಬಣ್ಣ, ಅಕ್ಷರಶೈಲಿ, ವಿನ್ಯಾಸಗಳನ್ನು ಮಾರ್ಪಡಿಸುವ ಎಐ ಏಜೆಂಟ್‌ಗೆ ಯಾವ ಟೂಲ್ ಏನು ಮಾಡುತ್ತದೆ, ಅದನ್ನು ಯಾವಾಗ ಬಳಸಬೇಕು ಎಂದು ತಿಳಿಸುವ ಬರಹವೇ ಟೂಲ್ ವಿವರಣೆ. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ, ಏಜೆಂಟಿಗೆ ಟೂಲುಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲಿ ಟೂಲಿನ ಹೆಸರು, ವಿವರಣೆ, ಇನ್‌ಪುಟ್‌ನ ಸ್ವರೂಪ ಒಟ್ಟಿಗೆ ಇರುತ್ತವೆ. ಒಳಗಿನ ಕೋಡ್ ಸಾಮಾನ್ಯವಾಗಿ ಏಜೆಂಟಿಗೆ ಕಾಣದು. ವಿವರಣೆಯಲ್ಲಿ ಇಲ್ಲದ್ದನ್ನು ಅದು ಊಹಿಸಬೇಕಾಗುತ್ತದೆ.

ವರ್ಡ್‌ಪ್ರೆಸ್ ಇದಕ್ಕೆ ಒಳ್ಳೆಯ ಉದಾಹರಣೆ. 2021ರ 5.8ನೇ ಆವೃತ್ತಿಯಿಂದ ಥೀಮಿನ ಬಣ್ಣ, ಅಳತೆಗಳನ್ನು ಥೀಮ್.ಜೇಸನ್ ಕಡತದಲ್ಲಿ ನಿಗದಿ ಮಾಡಬಹುದು. ಆದರೆ ತಾಣದ ಮಾಲೀಕರು ಸೈಟ್ ಎಡಿಟರ್‌ನಲ್ಲಿ ಆರಿಸಿದ್ದು ಡೇಟಾಬೇಸ್‌ನಲ್ಲಿ ಉಳಿಯುತ್ತದೆ, ಕಡತದಲ್ಲಿರುವುದಕ್ಕಿಂತ ಅದರ ಮಾತೇ ನಡೆಯುತ್ತದೆ. ‘ಬಣ್ಣ ಬದಲಿಸುತ್ತದೆ’ ಎಂದಷ್ಟೇ ವಿವರಣೆಯಲ್ಲಿ ಬರೆದಿದ್ದರೆ ಏಜೆಂಟ್ ಕಡತ ತಿದ್ದಿ ಕೆಲಸ ಮುಗಿಯಿತು ಎನ್ನಬಹುದು. ಪುಟ ಮಾತ್ರ ಇದ್ದಂತೆಯೇ ಇರುತ್ತದೆ. ‘ಇಡೀ ತಾಣದ ಹಿನ್ನೆಲೆ ಬಣ್ಣವನ್ನು ಡೇಟಾಬೇಸ್‌ನಲ್ಲಿ ಬದಲಿಸುತ್ತದೆ; ಪ್ಯಾಲೆಟ್‌ನಲ್ಲಿರುವ ಬಣ್ಣದ ಹೆಸರನ್ನಷ್ಟೇ ಸ್ವೀಕರಿಸುತ್ತದೆ; ಒಂದೇ ಪುಟದ ಬದಲಾವಣೆಗೆ ಬಳಸಬಾರದು; ಹಿಂದಿನ ಬಣ್ಣವನ್ನು ಉತ್ತರದಲ್ಲಿ ತಿಳಿಸುತ್ತದೆ’ ಎಂಬ ವಿವರಣೆ ಊಹೆಗೆ ಎಡೆ ಕೊಡದು. ಇದರಲ್ಲಿ ಅತ್ಯಂತ ಬೆಲೆಯುಳ್ಳದ್ದು ‘ಬಳಸಬಾರದು’ ಎಂಬ ಸಾಲು. ಅವಸರದಲ್ಲಿ ಬಿಟ್ಟುಹೋಗುವುದೂ ಅದೇ.

ಮೂಲ ಥೀಮಿನ ಕಡತಗಳನ್ನೇ ತಿದ್ದುವ ಟೂಲ್ ಆಗಿದ್ದರೆ, ಮುಂದಿನ ಅಪ್‌ಡೇಟ್‌ನಲ್ಲಿ ತಿದ್ದುಪಡಿ ಅಳಿಸಿಹೋಗುತ್ತದೆ, ಉಳಿಯಬೇಕಾದರೆ ಮೂಲ ಥೀಮನ್ನು ಆಧರಿಸಿದ ಪ್ರತ್ಯೇಕ ಚೈಲ್ಡ್ ಥೀಮ್ ಬೇಕು ಎಂಬುದನ್ನೂ ನಮೂದಿಸಬೇಕು.