ಹೆಸರಿಲ್ಲದ ತಟ್ಟೆ

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಯ್ತು. ಸೋಮಾರಿತನ ಅಂತ ಒಪ್ಪಿಕೊಂಡು ನೇರ ವಿಷಯಕ್ಕೆ ಬರುತ್ತೇನೆ.

2024ರ ಜುಲೈ 19, ಶುಕ್ರವಾರ. ಸಾಫ್ಟ್‌ವೇರ್ ಕೆಲಸದಲ್ಲಿರೋ ಯಾರೂ ಆ ದಿನವನ್ನು ಮರೆಯೋ ಹಾಗಿಲ್ಲ. ಯಾವುದೋ ಒಂದು ಸೆಕ್ಯುರಿಟಿ ಸಾಫ್ಟ್‌ವೇರಿನ ಅಪ್‌ಡೇಟು ಕೈಕೊಟ್ಟು ಪ್ರಪಂಚದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿಬಿಟ್ಟವು. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ನಾನಂತೂ ಆವತ್ತು ರಾತ್ರಿ ಎರಡು ಗಂಟೆಗೆ ಮನೆಗೆ ಬಂದು ಮೊಸರನ್ನ ತಿಂದು ಮಲಗಿದವನು. ಬೆಳಿಗ್ಗೆ ಎದ್ದು ನೋಡಿದರೆ ಮಿಷಿಗನ್‌ನಲ್ಲಿರೋ ನನ್ನ ಕಾಲೇಜು ಗೆಳೆಯನ ಮೆಸೇಜು: "ಲೇ, ಜಾಕ್ ವೈಟ್ ಹೊಸ ಎಲ್‌ಪಿ ಪುಕ್ಕಟೆ ಹಂಚಿದಾನೆ ಕಣೋ. ನಮ್ಮ ಡೆಟ್ರಾಯಿಟ್‌ನಲ್ಲೇ. ನಾನು ಮಗಳನ್ನ ಸ್ವಿಮ್ಮಿಂಗಿಗೆ ಕರ್ಕೊಂಡು ಹೋಗಿದ್ದೆ!!"

ಜಾಕ್ ವೈಟ್ ಯಾರು ಅಂತ ಕೇಳೋರಿಗೆ: ಫುಟ್‌ಬಾಲ್ ಮೈದಾನಗಳಲ್ಲಿ ಸಾವಿರಾರು ಜನ ಒಟ್ಟಿಗೆ, ಪದವೇ ಇಲ್ಲದೆ, ಗುಂಯ್‌ಗುಡುವ ದನಿಯಲ್ಲಿ ಒಂದು ಏಳು ಸ್ವರದ ಧಾಟಿ ಹಾಡುತ್ತಾರಲ್ಲ, ಅದು ಈ ಮನುಷ್ಯನದ್ದು. 'ದಿ ವೈಟ್ ಸ್ಟ್ರೈಪ್ಸ್' ಅನ್ನೋ ಇಬ್ಬರೇ ಇಬ್ಬರ ತಂಡದ 'ಸೆವೆನ್ ನೇಷನ್ ಆರ್ಮಿ', 2003ರ ಹಾಡು. ಇವನು ಗಿಟಾರು ಮತ್ತು ಗಾಯನ, ಮೆಗ್ ವೈಟ್ ಡ್ರಮ್ಮು. 2011ರಲ್ಲಿ ತಂಡ ಮುಗಿಯಿತು. ಇವನು ಒಬ್ಬನೇ ಮುಂದುವರಿದ.

ಆದರೆ ನನಗೆ ಇವನ ಬಗ್ಗೆ ಆಸೆ ಹುಟ್ಟಿದ್ದು ಹಾಡಿನಿಂದಲ್ಲ, ಸೋಫಾದಿಂದ.

1975ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಇವನು ಹತ್ತು ಮಕ್ಕಳಲ್ಲಿ ಕೊನೆಯವನು. ಹುಡುಗನಾಗಿದ್ದಾಗಲೇ ಬ್ರಯನ್ ಮುಲ್ಡೂನ್ ಎಂಬುವರ ಹತ್ತಿರ ಕುಶನ್ ಕೆಲಸ ಕಲಿಯೋಕೆ ಸೇರಿದ. ನಮ್ಮೂರಲ್ಲಿ ಬಸ್ ಸ್ಟ್ಯಾಂಡ್ ಪಕ್ಕ 'ಕುಶನ್ ವರ್ಕ್ಸ್' ಅಂತ ಬೋರ್ಡು ಇರುತ್ತಲ್ಲ, ತೆಂಗಿನ ನಾರು, ರೆಕ್ಸಿನ್ ರಾಶಿ, ಬಾಯಲ್ಲಿ ಮೊಳೆ ಕಚ್ಚಿಕೊಂಡ ಒಬ್ಬ ಹುಡುಗ.. ಅದೇ ಕೆಲಸ. ಆಮೇಲೆ ಸ್ವಂತ ಅಂಗಡಿಯನ್ನೂ ಇಟ್ಟ, ಹೆಸರು 'ಥರ್ಡ್ ಮ್ಯಾನ್'. ಬಿಲ್ಲನ್ನು ಕ್ರೆಯಾನಿನಲ್ಲಿ ಬರೆದುಕೊಡುತ್ತಿದ್ದನಂತೆ, ಕುರ್ಚಿಯ ಬಟ್ಟೆಯ ಒಳಗಡೆ ಯಾರಿಗೂ ಕಾಣದ ಹಾಗೆ ಕವಿತೆ ಬರೆದು ಮೇಲಿಂದ ಹೊಲಿದುಬಿಡುತ್ತಿದ್ದನಂತೆ. ಅಂಗಡಿ ನಡೆಯಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ :)

ಈಗ ಕೇಳಿ. ಗುರು-ಶಿಷ್ಯರಿಬ್ಬರೂ ಸೇರಿ 'ದಿ ಅಫೋಲ್ಸ್‌ಟರರ್ಸ್' ಅಂತ ತಂಡ ಮಾಡಿಕೊಂಡಿದ್ದರು. ಅಂದರೆ ಅಕ್ಷರಶಃ 'ಕುಶನ್ ಕೆಲಸದವರು'. 2004ಕ್ಕೆ ಮುಲ್ಡೂನ್ ಅವರ ಅಂಗಡಿಗೆ 25 ವರ್ಷ. ಆ ಖುಷಿಗೆ ಒಂದು ರೆಕಾರ್ಡು ಮಾಡಿದರು, ಬರೀ 100 ಪ್ರತಿ. ಮಾರಲಿಲ್ಲ. ಹಂಚಲೂ ಇಲ್ಲ. ಆ ವರ್ಷ ರಿಪೇರಿಗೆ ಬಂದ ಸೋಫಾ, ಕುರ್ಚಿಗಳ ಹೊಟ್ಟೆಯೊಳಗೆ ಒಂದೊಂದನ್ನೇ ಇಟ್ಟು ಹೊಲಿದು ಗಿರಾಕಿಗಳಿಗೆ ಕೊಟ್ಟು ಕಳಿಸಿದರು! ಗಿರಾಕಿಗೆ ಗೊತ್ತೇ ಇಲ್ಲ. ತಟ್ಟೆ ಪಾರದರ್ಶಕ, ಹೊದಿಕೆಯೂ ಪಾರದರ್ಶಕ ಹಾಳೆ. ಎಕ್ಸ್‌ರೇ ಹಿಡಿದು ಹುಡುಕಿದರೂ ಸಿಗಬಾರದು ಅಂತ. ಹತ್ತು ವರ್ಷ ಕಳೆದ ಮೇಲೆ, 2014ರಲ್ಲಿ, ಎರಡು ಪ್ರತಿ ಸಿಕ್ಕಿವೆ ಅಂತ ಸುದ್ದಿ ಬಂತು. ಎರಡು! ಡೆಟ್ರಾಯಿಟ್ ಸುತ್ತಮುತ್ತ ಯಾರ್ಯಾರೋ ಆ ಹಾಡುಗಳ ಮೇಲೆ ಕೂತು ಟಿವಿ ನೋಡುತ್ತಿರಬಹುದು. ಎಷ್ಟು ಸೋಫಾಗಳು ಆಗಲೇ ತಿಪ್ಪೆ ಸೇರಿದವೋ.

ಅಭಿಮಾನಿಗಳು ಕಾಯೋದು ಅಂದರೆ ನಾವು ಸಿನಿಮಾ ಬಿಡುಗಡೆಗೆ ಕಾದ ಹಾಗೆ ಅಂದುಕೊಂಡಿದ್ದೆ. ತಾರೀಖು ಗೊತ್ತು, ಪೋಸ್ಟರ್ ನೋಡಿಯಾಗಿದೆ, ಇನ್ನೇನು ಬರುತ್ತೆ. ಇದು ಬೇರೆ ಥರದ ಕಾಯುವಿಕೆ. ವಸ್ತು ಆಗಲೇ ಬಂದಿದೆ, ಎಲ್ಲೋ ಇದೆ, ನಮಗೆ ಸಿಕ್ಕಿಲ್ಲ ಅಷ್ಟೆ.

ಇದೇ ಆಟವನ್ನು ಅವನು ಬೇರೆ ಬೇರೆ ಥರ ಆಡಿದ್ದಾನೆ. ಹಾಡು ಬಿಡುಗಡೆಯಾಗುವ ಮೊದಲೇ ಇಂಟರ್‌ನೆಟ್ಟಿಗೆ ಸೋರಿಹೋಗುತ್ತಿದ್ದ ಕಾಲದಲ್ಲಿ, 2003ರ 'ಎಲಿಫೆಂಟ್' ಆಲ್ಬಮ್ಮನ್ನು ವಿಮರ್ಶಕರಿಗೆ ಮುಂಗಡ ಕಳಿಸಿದ್ದು ಎಲ್‌ಪಿ ರೂಪದಲ್ಲಿ ಮಾತ್ರ. ಸಿಡಿ ಕೊಟ್ಟರೆ ಐದು ನಿಮಿಷದಲ್ಲಿ ಕಾಪಿ ಆಗುತ್ತೆ, ಎಲ್‌ಪಿ ಕಾಪಿ ಮಾಡಲು ಕೂತು ಪೂರ್ತಿ ಕೇಳಲೇಬೇಕಲ್ಲ! ಅಂದರೆ ಆಗ ಎಲ್‌ಪಿ ಒಂದು ಬೀಗ. 2007ರಲ್ಲಿ ಷಿಕಾಗೋದ ಒಂದು ರೇಡಿಯೋ ಕೇಂದ್ರ 'ಇಕಿ ಥಂಪ್' ಆಲ್ಬಮ್ಮನ್ನು ಬಿಡುಗಡೆಗೆ ಮೊದಲೇ ಇಡೀ ಹಾಕಿಬಿಟ್ಟಿತು. ಇವನು ಸ್ಪೇನ್‌ನಿಂದ ಫೋನ್ ಮಾಡಿ ಆ ನಿರೂಪಕಿಗೆ ಚೆನ್ನಾಗಿ ಬೈದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2009ರಲ್ಲಿ ನ್ಯಾಶ್‌ವಿಲ್‌ನಲ್ಲಿ 'ಥರ್ಡ್ ಮ್ಯಾನ್ ರೆಕಾರ್ಡ್ಸ್'ಗೆ ಸ್ವಂತ ಕಟ್ಟಡ, ಅಂಗಡಿ ಆಯಿತು. ಸೋಫಾ ಅಂಗಡಿಯ ಹೆಸರೇ ಹಾಡಿನ ಕಂಪನಿಗೆ. 2012ರ ಏಪ್ರಿಲ್ 1ಕ್ಕೆ ಬಳುಕುವ ತೆಳು ಪ್ಲಾಸ್ಟಿಕ್ಕಿನ 1000 ರೆಕಾರ್ಡುಗಳನ್ನು ಹೀಲಿಯಂ ಬಲೂನಿಗೆ ಕಟ್ಟಿ ಆಕಾಶಕ್ಕೆ ಬಿಟ್ಟರು, ಸಿಕ್ಕವರಿಗೆ ಸೀರುಂಡೆ. 2014ರ 'ಲಜರೆಟ್ಟೋ' ಎಲ್‌ಪಿಯಲ್ಲಿ ಒಂದು ಬದಿ ಒಳಗಿನಿಂದ ಹೊರಕ್ಕೆ ಓಡುತ್ತದೆ, ಮಧ್ಯದ ಲೇಬಲ್ ಕಾಗದದ ಕೆಳಗೂ ಹಾಡು ಕೊರೆದಿದ್ದಾರೆ, ತಿರುಗುವಾಗ ದೇವತೆಯ ಹಾಲೋಗ್ರಾಂ ಕಾಣುತ್ತದೆ. ನಿಜ ಹೇಳಬೇಕೆಂದರೆ ಇದೆಲ್ಲ ನನಗೆ ಸ್ವಲ್ಪ ಸರ್ಕಸ್ ಅನ್ನಿಸುತ್ತೆ. ಜನಕ್ಕೆ ಹಾಗನ್ನಿಸಲಿಲ್ಲ, ಮೊದಲ ವಾರವೇ ಅಮೆರಿಕದಲ್ಲಿ 40,000 ಎಲ್‌ಪಿ ಹೋಯಿತು.

ಸರ್ಕಸ್ ಅಲ್ಲದ ಕೆಲಸ ಅಂದರೆ 2017ರಲ್ಲಿ ಡೆಟ್ರಾಯಿಟ್‌ನಲ್ಲಿ ರೆಕಾರ್ಡು ಒತ್ತುವ ಕಾರ್ಖಾನೆಯನ್ನೇ ತೆರೆದದ್ದು. ಜರ್ಮನಿಯಿಂದ ಹೊಸ ಯಂತ್ರ ತರಿಸಿದರು. ಇದರ ಬೆಲೆ ಗೊತ್ತಾಗಬೇಕಾದರೆ ತಟ್ಟೆ ಹೇಗೆ ಹುಟ್ಟುತ್ತೆ ಅಂತ ಸ್ವಲ್ಪ ನೋಡಬೇಕು. ಮೊದಲು ಲ್ಯಾಕರ್ ಬಳಿದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಹಾಡಿನ ಗೆರೆ ಕೊರೆಯುತ್ತಾರೆ. ಅದರಿಂದ ನಿಕ್ಕಲ್ ಅಚ್ಚು. ಎರಡು ಅಚ್ಚುಗಳ ನಡುವೆ ಬಿಸಿ ಪಿವಿಸಿ ಉಂಡೆ ಇಟ್ಟು, ಚಪಾತಿ ಒತ್ತಿದ ಹಾಗೆ ಒತ್ತಿದರೆ ರೆಕಾರ್ಡು. ಈ ಲ್ಯಾಕರ್ ಬಿಲ್ಲೆ ಮಾಡುವ ದೊಡ್ಡ ಕಾರ್ಖಾನೆ ಇದ್ದದ್ದು ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿ, 'ಅಪೋಲೋ ಮಾಸ್ಟರ್ಸ್'. 2020ರ ಫೆಬ್ರವರಿ 6ರಂದು ಅದು ಬೆಂಕಿಗೆ ಪೂರ್ತಿ ಸುಟ್ಟುಹೋಯಿತು. ಉಳಿದದ್ದು ಜಪಾನಿನ ಒಂದು ಕಂಪನಿ. ಅದರ ಹಿಂದೆಯೇ ಕೋವಿಡ್ಡು, ಮನೆಯಲ್ಲಿ ಕೂತವರೆಲ್ಲ ಎಲ್‌ಪಿ ಕೊಳ್ಳೋಕೆ ಶುರು. ಸಣ್ಣ ಪುಟ್ಟ ಕಲಾವಿದರು ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಾಯಿತು, ದೊಡ್ಡವರ ಲಕ್ಷಗಟ್ಟಲೆ ಪ್ರತಿಗಳು ಸಾಲಿನಲ್ಲಿ ಮುಂದೆ. 2022ರ ಮಾರ್ಚಿನಲ್ಲಿ ಇವನು ಸೋನಿ, ಯೂನಿವರ್ಸಲ್, ವಾರ್ನರ್ ಮೂರಕ್ಕೂ ಬಹಿರಂಗವಾಗಿ ಕೇಳಿಕೊಂಡ: ದಯವಿಟ್ಟು ನಿಮ್ಮದೇ ಕಾರ್ಖಾನೆ ಕಟ್ಟಿಕೊಳ್ಳಿ ಅಂತ. ತನ್ನ ಕಾರ್ಖಾನೆಗೆ ಸ್ಪರ್ಧಿಗಳನ್ನು ತಾನೇ ಕರೆಯೋ ವ್ಯಾಪಾರಿಯನ್ನು ನಾನಂತೂ ನೋಡಿಲ್ಲ.

ಅದೇ ವರ್ಷ ಎರಡು ಆಲ್ಬಮ್ ಬಿಟ್ಟು ಸುಮ್ಮನಾದ. ಎರಡು ವರ್ಷ ಹೊಸ ಆಲ್ಬಮ್ಮಿನ ಸುದ್ದಿಯಿಲ್ಲ.

ಆಮೇಲೆ ಆ ನೀಲಿ ಪರದೆಯ ಶುಕ್ರವಾರ. ನ್ಯಾಶ್‌ವಿಲ್, ಡೆಟ್ರಾಯಿಟ್, ಲಂಡನ್ನಿನ ಥರ್ಡ್ ಮ್ಯಾನ್ ಅಂಗಡಿಗಳಿಗೆ ಆವತ್ತು ಹೋಗಿ ಏನೋ ಒಂದು ಕೊಂಡವರ ಚೀಲಕ್ಕೆ ಅಂಗಡಿಯವರು ಒಂದು ಬಿಳಿ ಲಕೋಟೆಯ ಎಲ್‌ಪಿಯನ್ನು ಸುಮ್ಮನೆ ಸೇರಿಸಿ ಕಳಿಸಿದರು. ಕಲಾವಿದನ ಹೆಸರಿಲ್ಲ. ಹಾಡುಗಳ ಹೆಸರಿಲ್ಲ. 'ನೋ ನೇಮ್' ಅಂತ ಒಂದು ಠಸ್ಸೆ, ಅಷ್ಟೇ. ಮನೆಗೆ ಹೋಗಿ ಮುಳ್ಳು ಇಟ್ಟವರಿಗೆ ಮಾತ್ರ ಗೊತ್ತಾಗಿದ್ದು, ಇದು ಅವನದೇ ದನಿ, ಅವನದೇ ಗಿಟಾರು, ಪೂರ್ತಿ ಹೊಸ ಆಲ್ಬಮ್ಮು! ಎಷ್ಟೋ ಜನ ಕೇಳದೆ ಮೂಲೆಗೆ ಇಟ್ಟಿರಲೂಬಹುದು.

ನನಗೆ ಇದರಲ್ಲಿ ಮೆಚ್ಚುಗೆಯಾಗಿದ್ದು ಗುಟ್ಟು ಹೊರಬೀಳದೆ ಇದ್ದದ್ದು. ಬೇರೆ ಸ್ವತಂತ್ರ ಕಲಾವಿದನಾಗಿದ್ದರೆ ಹೊರಗಿನ ಕಾರ್ಖಾನೆ, ವಿತರಕ, ಅಂಗಡಿ, ಎಲ್ಲರಿಗೂ ಮೊದಲೇ ಹೇಳಬೇಕು. ಇಲ್ಲಿ ಧ್ವನಿಮುದ್ರಣದ ಕೋಣೆ ಅವನದು, ಒತ್ತುವ ಯಂತ್ರ ಅವನದು, ಗಲ್ಲಾಪೆಟ್ಟಿಗೆ ಅವನದು. ಅಷ್ಟೆಲ್ಲ ಕಟ್ಟಿಕೊಂಡವನಿಗೆ ಮಾತ್ರ ಇಷ್ಟು ಸದ್ದಿಲ್ಲದೆ ಒಂದು ಕೆಲಸ ಮಾಡಲು ಆಗುತ್ತೆ. ಬಡ ಸಂಗೀತಗಾರನಿಗೆ ಈ ಐಷಾರಾಮ ಇಲ್ಲ ಅನ್ನೋದನ್ನೂ ಹೇಳಿಬಿಡಬೇಕು.

ಮುಂದಿನದ್ದು ಇನ್ನೂ ಚೆನ್ನಾಗಿದೆ. "ರಿಪ್ ಮಾಡಿಕೊಳ್ಳಿ" ಅಂತ ಕಂಪನಿಯೇ ಜನರಿಗೆ ಹೇಳಿತು. ಅಂದರೆ ತಟ್ಟೆಯಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಹಂಚಿಕೊಳ್ಳಿ. 2007ರಲ್ಲಿ ಸ್ಪೇನ್‌ನಿಂದ ಫೋನ್ ಮಾಡಿ ಬೈದ ಅದೇ ಆಸಾಮಿ! ಬೀಗವಾಗಿದ್ದ ಎಲ್‌ಪಿಯ ಕೀಲಿಯನ್ನು ಈಗ ಅಪರಿಚಿತರ ಕೈಗೆ ಕೊಟ್ಟ. ಆಗಸ್ಟ್ 2ಕ್ಕೆ ಅಧಿಕೃತ ಬಿಡುಗಡೆಯಾಯಿತು, ನೀಲಿ ಬಣ್ಣದ ತಟ್ಟೆ ಸ್ವತಂತ್ರ ಅಂಗಡಿಗಳಿಗೆ ಬಂತು, 13 ಹಾಡುಗಳಿಗೂ ಹೆಸರು ಬಂತು. ಮುಂದೆ ಗ್ರ್ಯಾಮಿಗೆ ನಾಮಕರಣವೂ ಆಯಿತು, ಪ್ರಶಸ್ತಿ ಮಾತ್ರ ರೋಲಿಂಗ್ ಸ್ಟೋನ್ಸ್ ಮುದುಕರ ಪಾಲಾಯಿತು.

ಆದರೆ ನಡುವಿನ ಆ ಎರಡು ವಾರ ನನ್ನಂಥವರು ಕೇಳಿದ್ದು ಯಾರೋ ಪುಣ್ಯಾತ್ಮರು ಇಳಿಸಿದ ಪ್ರತಿಯನ್ನು. ಗೆಳೆಯ ಶನಿವಾರವೇ ಒಂದು ಗಂಟೆ ಕಾರು ಓಡಿಸಿಕೊಂಡು ಹೋಗಿ ಟೀ ಶರ್ಟು ಕೊಂಡು ಬರಿಗೈಲಿ ವಾಪಸ್ ಬಂದಿದ್ದ. ಕೊನೆಗೆ ಎಲ್ಲಿಂದಲೋ ಸಂಪಾದಿಸಿ ನನಗೆ ಕಳಿಸಿದ. ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊದಲಿಗೆ ಮುಳ್ಳು ತಟ್ಟೆಗೆ ತಾಗಿದ 'ಟಪ್' ಸದ್ದು. ಆಮೇಲೆ ಆ ಮನೆಯ ಧೂಳಿನ ಚಟಪಟ. ಯಾವ ಊರಿನ ಯಾರ ಮನೆಯೋ. ಬದಿ ಮುಗಿದ ಮೇಲೂ ಒಂದಷ್ಟು ಹೊತ್ತು ಮುಳ್ಳು ಹಾಗೇ ಸುತ್ತುತ್ತಿತ್ತು, ಎದ್ದು ಬಂದು ಎತ್ತಲು ಅವರಿಗೆ ತಡವಾಗಿರಬೇಕು.

ಅದನ್ನು ಕೇಳುವಾಗ ನನಗೆ ಸಾಗರದ ಮನೆ ನೆನಪಾಯಿತು. ಇಷ್ಟೆಲ್ಲ ಬರೆಯೋಕೆ ನಿಜವಾದ ಕಾರಣ ಅದೇ.

ನಮ್ಮ ಸೋದರಮಾವನ ಹತ್ತಿರ ಮಲ್ಲಿಕಾರ್ಜುನ ಮನ್ಸೂರರ ಒಂದು ಎಚ್‌ಎಂವಿ ಎಲ್‌ಪಿ ಇತ್ತು. ಅಮ್ಮನಿಗೂ ಬೇಕು ಅಂತ ಮಾವ ಅದನ್ನು ಕ್ಯಾಸೆಟ್ಟಿಗೆ ಇಳಿಸಿದ. ವೈರು ಗಿಯರು ಏನಿಲ್ಲ, ಸ್ಪೀಕರ್ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು, "ಯಾರೂ ಅರ್ಧ ಗಂಟೆ ಉಸಿರೆತ್ತಬೇಡಿ" ಅಂತ ಕಟ್ಟಪ್ಪಣೆ. ಮಕ್ಕಳಾದ ನಾವೆಲ್ಲ ಜಗಲಿಯಲ್ಲಿ ಬಾಯಿ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆವು. ಆಲಾಪ ಏರುತ್ತಿರುವಾಗ ಒಳಗೆ ಅಜ್ಜಿಯ ಕೈಯಿಂದ ಚೊಂಬು ಜಾರಿ ಬಿತ್ತು. ಢಣ್ ಅಂತ ಸದ್ದು, ಅದರ ಹಿಂದೆಯೇ ಅಜ್ಜಿ, "ಅಯ್ಯೋ ರಾಮ." ಮಾವ ತಲೆ ಚಚ್ಚಿಕೊಂಡ. ಮತ್ತೆ ಮೊದಲಿಂದ ಮಾಡುವಷ್ಟು ತಾಳ್ಮೆ ಇರಲಿಲ್ಲ, ಹಾಗೇ ಬಿಟ್ಟ.

ಮನೆ ಪಾಲಾದಾಗ ಎಲ್‌ಪಿಗಳೆಲ್ಲ ಗುಜರಿಗೆ ಹೋದವು, ತೂಕದ ಲೆಕ್ಕದಲ್ಲಿ. ನಾನೇ ಗೋಣಿಚೀಲಕ್ಕೆ ತುಂಬಿಕೊಟ್ಟೆ, ಆಗ ಬುದ್ಧಿ ಇರಲಿಲ್ಲ. ಕ್ಯಾಸೆಟ್ಟು ಮಾತ್ರ ಅಮ್ಮನ ಟ್ರಂಕಿನಲ್ಲಿ ಉಳಿದಿದೆ. ಮನ್ಸೂರರ ಹಾಡು ಇವತ್ತು ಎಲ್ಲಿ ಬೇಕಾದರೂ ಸಿಗುತ್ತೆ. ಅಜ್ಜಿಯ ದನಿ ಇರೋದು ಅದೊಂದರಲ್ಲೇ, ಆ ಎರಡು ಪದ.

ಡಿಸೆಂಬರಿನಲ್ಲಿ ಬಂದ ಗೆಳೆಯ ನೀಲಿ ಎಲ್‌ಪಿಯನ್ನು ಹೆಂಡತಿಯ ಸೀರೆಗಳ ನಡುವೆ ಇಟ್ಟುಕೊಂಡು ತಂದುಕೊಟ್ಟ. ಅದು ಕಪಾಟಿನ ಮೇಲೆ ಆರಾಮಾಗಿದೆ. ಕ್ಯಾಸೆಟ್ಟಿನದ್ದೇ ಚಿಂತೆ. ಕಳೆದ ತಿಂಗಳು ಊರಿಗೆ ಹೋದಾಗ ತೆಗೆದು ನೋಡಿದೆ, ಬೂಷ್ಟು ಹಿಡಿದು ಟೇಪು ಸುತ್ತಿನಿಂದ ಸುತ್ತಿಗೆ ಅಂಟಿಕೊಂಡಿದೆ. ತಿರುಗಿಸಲು ಹೋದರೆ ಹರಿಯುತ್ತೇನೋ ಅಂತ ಭಯ, ಹಾಗೇ ಮುಚ್ಚಿಟ್ಟು ಬಂದೆ. ಬೆಂಗಳೂರಿನಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಇಂಥ ಟೇಪನ್ನು ಜೋಪಾನವಾಗಿ ಬಿಡಿಸಿ ಕಂಪ್ಯೂಟರಿಗೆ ಇಳಿಸಿಕೊಡುವವರು ನಿಮಗೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಚೊಂಬಿನ ಸದ್ದನ್ನು ಮಾತ್ರ ತೆಗೆದು 'ಸ್ವಚ್ಛ' ಮಾಡುವವರು ಬೇಡ.